ಬ್ಲೇಡ್ ತಿಂದಷ್ಟೇ ಸಂದು: ಮರದ ಪಜಲ್‌ಗೆ ಸ್ಕ್ರೋಲ್ ಸಾ ಬ್ಲೇಡ್ ಆರಿಸುವುದು

ನಾನು ಮೊದಲು ಕೊಯ್ದ ಮರದ ಪಜಲ್ ಕರ್ನಾಟಕದ ನಕ್ಷೆ. 31 ಜಿಲ್ಲೆ, 31 ತುಂಡು, ಸುತ್ತ ಒಂದು ಚೌಕಟ್ಟು. 6 ಮಿಲಿಮೀಟರ್ ಪ್ಲೈವುಡ್ ಮೇಲೆ ನಕ್ಷೆ ಅಂಟಿಸಿ, ಗಡಿಗೆರೆ ಎಲ್ಲೂ ತಪ್ಪದ ಹಾಗೆ ಎರಡು ದಿನ ಕೂತು ಕೊಯ್ದಿದ್ದೆ. ಜೋಡಿಸಿ ನೋಡಿದರೆ ಜಿಲ್ಲೆಗಳ ನಡುವೆ ತಳ ಕಾಣುವಷ್ಟು ಸಂದು. ಬೀದರನ್ನು ಬೆರಳಲ್ಲಿ ತಳ್ಳಿದರೆ ಚಾಮರಾಜನಗರದವರೆಗೆ ಎಲ್ಲವೂ ಸರಿಯುತ್ತಿತ್ತು. "ಮಾಮ, ಇದು ಯಾಕೆ ಹೀಗೆ ಅಲ್ಲಾಡುತ್ತೆ?" ಅಂತ ಅಕ್ಕನ ಮಗಳು ಕೇಳಿದಳು. ಆವತ್ತು ಅವಳಿಗೆ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಇವತ್ತು ಕೊಡಬಲ್ಲೆ.

ಗೆರೆ ತಪ್ಪಿರಲಿಲ್ಲ. ಬ್ಲೇಡ್ ತಪ್ಪಾಗಿತ್ತು. ಯಂತ್ರದ ಜೊತೆ ಡಬ್ಬದಲ್ಲಿ ಬಂದಿದ್ದ ದಪ್ಪ ಬ್ಲೇಡನ್ನೇ ಹಾಕಿ ಇಡೀ ರಾಜ್ಯವನ್ನು ಕೊಯ್ದಿದ್ದೆ.

ಸ್ಕ್ರೋಲ್ ಸಾ ನೋಡದವರಿಗೆ ಎರಡು ಮಾತು. ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ. ಮೇಲೊಂದು ತೋಳು, ಕೆಳಗೊಂದು ತೋಳು. ಸೂಜಿ ಇರುವ ಜಾಗದಲ್ಲಿ, ಎರಡೂ ತೋಳುಗಳ ನಡುವೆ, ಐದು ಇಂಚು ಉದ್ದದ ಸಣ್ಣ ಗರಗಸದ ಬ್ಲೇಡನ್ನು ಬಿಗಿದಿರುತ್ತಾರೆ. ಅದು ಮೇಲೆ ಕೆಳಗೆ ಓಡುತ್ತಿರುತ್ತದೆ. ಬಟ್ಟೆಯನ್ನು ತಿರುಗಿಸಿ ಹೊಲಿಯುವ ಹಾಗೆ, ಇಲ್ಲಿ ಮರವನ್ನು ತಿರುಗಿಸಿ ಕೊಯ್ಯಬೇಕು. ಬ್ಲೇಡ್ ತೆಳ್ಳಗಿರುವುದರಿಂದ ಬಳುಕು ಬಳುಕಾದ ಗೆರೆಯ ಮೇಲೂ ಹೋಗಬಹುದು.

ಯಂತ್ರ ಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: ಪಜಲ್‌ಗೆ ಯಾವ ಬ್ಲೇಡ್ ಒಳ್ಳೆಯದು? ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಪಜಲ್, ಎಷ್ಟು ದಪ್ಪದ ಮರ, ತುಂಡುಗಳು ಎಷ್ಟು ಬಿಗಿಯಾಗಿ ಕೂರಬೇಕು ಅನ್ನುವುದು ಮೊದಲು ಗೊತ್ತಾಗಬೇಕು.

ಸಂದು ಎಲ್ಲಿಂದ ಬರುತ್ತದೆ

ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿದ್ದೀರಾ? ಜಿಐ ಗುರುತು ಪಡೆದ ಕಲೆ ಅದು. ಬೇರೆ ಬೇರೆ ಬಣ್ಣದ ಮರದ ತೆಳು ಹಾಳೆಗಳಿಂದ ಆನೆ, ಎಲೆ, ಹೂವನ್ನು ಸಣ್ಣ ಗರಗಸದಲ್ಲಿ ಕೊಯ್ಯುತ್ತಾರೆ. ಆ ತುಂಡನ್ನು ಬೀಟೆಯ ಹಲಗೆ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾರೆ. ಆಮೇಲೆ ಆ ಗೆರೆಯೊಳಗಿನ ಮರವನ್ನು ಉಳಿಯಲ್ಲಿ ತೆಗೆದು ಗುಳಿ ಮಾಡಿ, ತುಂಡನ್ನು ಕೂರಿಸುತ್ತಾರೆ. ಅಂದರೆ ತುಂಡು ಮೊದಲು, ಅದರ ಮನೆ ಆಮೇಲೆ. ಗರಗಸ ಎಷ್ಟು ಮರ ತಿಂದರೂ ಪರವಾಗಿಲ್ಲ. ತಿಂದದ್ದು ಹೊರಗಿನ ಚೂರಿನಿಂದ ಹೋಯಿತು ಅಷ್ಟೇ.

ಪಜಲ್‌ನಲ್ಲಿ ಹಾಗಿಲ್ಲ. ಒಂದೇ ಹಲಗೆ, ಒಂದೇ ಕೊಯ್ತ. ಆ ಒಂದು ಕೊಯ್ತವೇ ತುಮಕೂರಿನ ಅಂಚೂ ಹೌದು, ಮಂಡ್ಯದ ಅಂಚೂ ಹೌದು. ಬ್ಲೇಡ್ ಹೋದ ದಾರಿಯಲ್ಲಿದ್ದ ಮರ ಪುಡಿಯಾಗಿ ನೆಲಕ್ಕೆ ಬಿತ್ತು. ಅದನ್ನು ಮತ್ತೆ ತುಂಬುವ ಹಾಗಿಲ್ಲ. ಎರಡು ತುಂಡುಗಳ ನಡುವಿನ ಸಂದು ಅಂದರೆ ಬ್ಲೇಡ್ ತಿಂದ ಜಾಗ. ಇಂಗ್ಲಿಷಿನಲ್ಲಿ ಇದಕ್ಕೆ ಕರ್ಫ್ ಅನ್ನುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಬಳ್ಳಾರಿ, ಚಿತ್ರದುರ್ಗ, ತುಮಕೂರು, ಮಂಡ್ಯ, ಚಾಮರಾಜನಗರ. ಉತ್ತರದಿಂದ ದಕ್ಷಿಣಕ್ಕೆ ಈ ದಾರಿಯಲ್ಲಿ ಬಂದರೆ ಒಂಬತ್ತು ಜಿಲ್ಲೆ, ನಡುವೆ ಎಂಟು ಗಡಿ. ಮೇಲೆ ಕೆಳಗೆ ಚೌಕಟ್ಟಿನ ಎರಡು ಕೊಯ್ತ ಸೇರಿದರೆ ಹತ್ತು. ಒಂದೊಂದು ಕೊಯ್ತ 0.6 ಮಿಮೀ ತಿಂದರೆ ಒಟ್ಟು ಸಡಿಲ 6 ಮಿಮೀ. 0.3 ಮಿಮೀ ತಿಂದರೆ 3 ಮಿಮೀ. ಒಂದೇ ಸಂದನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಹತ್ತು ಸಂದು ಕೂಡಿದಾಗ ರಾಜ್ಯವೇ ಅಲ್ಲಾಡುತ್ತದೆ.

ನಕ್ಷೆಯನ್ನು ಗಡಿಗುಂಟ ಕೊಯ್ದು ಮಕ್ಕಳಿಗೆ ಕೊಡುವುದು ಹಳೆಯ ಆಟ. 1760ರ ದಶಕದಲ್ಲಿ ಲಂಡನ್‌ನ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆ ಕೆತ್ತುವವನು ಮಹಾಗನಿ ಹಲಗೆಗೆ ನಕ್ಷೆ ಅಂಟಿಸಿ, ದೇಶಗಳ ಗಡಿಯಲ್ಲಿ ಕೊಯ್ದು, ಭೂಗೋಳ ಕಲಿಯಲು ಮಾರುತ್ತಿದ್ದ. ಆಗ ಯಂತ್ರ ಇರಲಿಲ್ಲ, ಕೈ ಗರಗಸವೇ. ಅಂಚಿನಲ್ಲಿ ಸಣ್ಣ ಕತ್ತು, ಉರುಟು ತಲೆಯ ಗುಬುಟು ಇದ್ದು ಒಂದರೊಳಗೊಂದು ಸಿಕ್ಕಿಕೊಳ್ಳುವ ತುಂಡುಗಳು ಎಲ್ಲೆಡೆ ಬಂದದ್ದು ತುಂಬಾ ಆಮೇಲೆ, ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ. ಗುಬುಟು ಬಂದ ಮೇಲೆ ಬ್ಲೇಡ್ ಇನ್ನೂ ಸಣ್ಣದಾಗಬೇಕಾಯಿತು. ಯಾಕೆ ಅಂತ ಈಗ ನೋಡೋಣ.

ದಪ್ಪ ಬೇರೆ, ಅಗಲ ಬೇರೆ

ಬ್ಲೇಡ್ ಕೈಯಲ್ಲಿ ಹಿಡಿದು ನೋಡಿದರೆ ಅದು ಚಪ್ಪಟೆ ಪಟ್ಟಿ. ಅದಕ್ಕೆ ಎರಡು ಅಳತೆ. ಹಲ್ಲಿನ ತುದಿಯಿಂದ ಬೆನ್ನಿನವರೆಗೆ ಇರುವುದು ಅಗಲ. ಈ ಕೆನ್ನೆಯಿಂದ ಆ ಕೆನ್ನೆಗೆ ಇರುವುದು ದಪ್ಪ. ಇವೆರಡನ್ನೂ ಒಂದೇ ಅಂದುಕೊಂಡರೆ ಮುಂದಿನದೆಲ್ಲ ಗೊಂದಲ.

ದಪ್ಪ ಸಂದನ್ನು ತೀರ್ಮಾನಿಸುತ್ತದೆ. ಅಗಲ ತಿರುವನ್ನು ತೀರ್ಮಾನಿಸುತ್ತದೆ. ಕಿರಿದಾದ ಓಣಿಯಲ್ಲಿ ಸೈಕಲ್ ತಿರುಗುತ್ತದೆ, ಲಾರಿ ತಿರುಗುವುದಿಲ್ಲ, ಅಲ್ವಾ? ಬ್ಲೇಡೂ ಹಾಗೆಯೇ. ಅದು ಓಡುವ ಓಣಿಯನ್ನು ಅದೇ ಕೊರೆದುಕೊಂಡಿರುತ್ತದೆ. ತಿರುವಿನಲ್ಲಿ ಅಗಲದ ಬ್ಲೇಡಿನ ಬೆನ್ನು ಗೋಡೆಗೆ ಉಜ್ಜುತ್ತದೆ. ಒಂದೋ ಅದು ಗೋಡೆಯನ್ನು ಸವೆಸಿ ಸಂದನ್ನು ದೊಡ್ಡದು ಮಾಡುತ್ತದೆ, ಇಲ್ಲವೇ ಮರ ಸುಟ್ಟು ಕಪ್ಪಾಗುತ್ತದೆ, ಇಲ್ಲವೇ ಬ್ಲೇಡೇ ತಿರುಚಿಕೊಂಡು ಮುರಿಯುತ್ತದೆ. ಗುಬುಟಿನ ಕತ್ತು ಇರುತ್ತದಲ್ಲ, ಅಲ್ಲಿ ಬ್ಲೇಡ್ ಬಹುತೇಕ ನಿಂತಲ್ಲೇ ಸುತ್ತಬೇಕು. ಅದಕ್ಕೇ ಗುಬುಟಿನ ಪಜಲ್‌ಗೆ ಅಗಲ ಕಡಿಮೆ ಇರುವ ಬ್ಲೇಡ್ ಬೇಕೇ ಬೇಕು.

ಬ್ಲೇಡುಗಳನ್ನು ನಂಬರಿನಿಂದ ಕರೆಯುತ್ತಾರೆ. ಸಾಮಾನ್ಯವಾಗಿ ಸಿಗುವುದರಲ್ಲಿ 12ನೇ ನಂಬರ್ ದೊಡ್ಡದು. 9, 7, 5, 3, 2, 1 ಅಂತ ಇಳಿಯುತ್ತಾ ಸಣ್ಣದಾಗುತ್ತದೆ. ಸೊನ್ನೆ ತಲುಪಿದ ಮೇಲೆ ಲೆಕ್ಕ ತಿರುಗುತ್ತದೆ. 2/0 ಸೊನ್ನೆಗಿಂತ ಸಣ್ಣದು, 3/0 ಇನ್ನೂ ಸಣ್ಣದು. ಸುಮಾರು ಅಳತೆ ಹೇಳುವುದಾದರೆ, 2/0 ಬ್ಲೇಡಿನ ಅಗಲ 0.6 ಮಿಮೀ, ದಪ್ಪ 0.25 ಮಿಮೀ. 2ನೇ ನಂಬರಿನದು 0.7ರಷ್ಟು ಅಗಲ, 0.3 ದಪ್ಪ. 5ನೇ ನಂಬರಿನದು 0.95ರಷ್ಟು ಅಗಲ, 0.4 ದಪ್ಪ. 7ನೇ ನಂಬರಿನದು 1.15ರ ಹತ್ತಿರ ಅಗಲ, 0.45 ದಪ್ಪ. ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಆಚೀಚೆ ಆಗುತ್ತದೆ. ಸ್ವಿಟ್ಜರ್‌ಲೆಂಡಿನ ಪೇಗಾಸ್, ಜರ್ಮನಿಯ ನಿಕ್ವಾ, ಅಮೆರಿಕದ ಓಲ್ಸನ್ ಈ ಕೆಲಸದಲ್ಲಿ ಎಲ್ಲರೂ ಹೇಳುವ ಹೆಸರುಗಳು. ಒಬ್ಬರ 3ನೇ ನಂಬರ್ ಇನ್ನೊಬ್ಬರ 3ನೇ ನಂಬರಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ ಅಂತ ನಂಬಬೇಡಿ. ಪ್ಯಾಕೆಟ್ ಮೇಲೆ ಅಗಲ, ದಪ್ಪ ಬರೆದಿದ್ದರೆ ಅದನ್ನೇ ನೋಡಿ.

ಇಷ್ಟೆಲ್ಲಕ್ಕೂ ಮೊದಲು ತಿಳಿಯಬೇಕಾದ ಒಂದು ವಿಷಯ ಇದೆ. ಬ್ಲೇಡಿನ ತುದಿಯಲ್ಲಿ ಎರಡು ಬಗೆ. ಕೆಲವಕ್ಕೆ ತುದಿಯಲ್ಲಿ ಅಡ್ಡಕ್ಕೆ ಸಣ್ಣ ಕಡ್ಡಿ ಇರುತ್ತದೆ. ಅವನ್ನು ಪಿನ್ ಬ್ಲೇಡ್ ಅನ್ನುತ್ತಾರೆ. ಕೊಕ್ಕೆಗೆ ಸಿಕ್ಕಿಸಿದರೆ ಆಯಿತು, ಹಾಕುವುದು ಸುಲಭ. ಆದರೆ ಆ ಕಡ್ಡಿಯನ್ನು ಹಿಡಿದಿಡಲು ಬ್ಲೇಡ್ ಅಗಲವಾಗಿರಲೇಬೇಕು. ಸುಮಾರು 2 ಮಿಮೀ ಅಥವಾ ಅದಕ್ಕೂ ಜಾಸ್ತಿ ಇರುತ್ತದೆ. ಇದರಲ್ಲಿ ಗುಬುಟಿನ ಕತ್ತು ಕೊಯ್ಯುವ ಆಸೆ ಬಿಡಬೇಕು. ಇನ್ನೊಂದು ಬಗೆಯಲ್ಲಿ ತುದಿ ಸಪಾಟು, ಕಡ್ಡಿ ಇಲ್ಲ. ಸ್ಕ್ರೂ ಇರುವ ಹಿಡಿಕೆಯಲ್ಲಿ ಬಿಗಿಯಬೇಕು. ಸಣ್ಣ ನಂಬರುಗಳೆಲ್ಲ ಈ ಸಪಾಟು ತುದಿಯಲ್ಲೇ ಬರುತ್ತವೆ. ಯಂತ್ರ ಕೊಳ್ಳುವಾಗ ಅಂಗಡಿಯವರು ಮೋಟರ್ ಎಷ್ಟು ವ್ಯಾಟ್ ಅಂತ ಹೇಳುತ್ತಾರೆ. ನೀವು ಕೇಳಬೇಕಾದದ್ದು, ಇದಕ್ಕೆ ಪಿನ್ ಇಲ್ಲದ ಬ್ಲೇಡ್ ಹಾಕಬಹುದಾ ಅಂತ. ನನಗೆ ಯಂತ್ರ ಮಾರಿದವರು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಹಿಡಿಕೆಯನ್ನು ಬೇರೆಯಾಗಿ ತರಿಸಿ ಹಾಕಿದೆ.

ಹಲ್ಲಿನ ಮಾತು

ಹಲ್ಲು ಮರವನ್ನು ಕೆರೆಯುತ್ತದೆ. ಕೆರೆದ ಪುಡಿ ಹಲ್ಲುಗಳ ನಡುವಿನ ಗುಳಿಯಲ್ಲಿ ಕೂತು ಹೊರಗೆ ಹೋಗಬೇಕು. ಪುಡಿ ಹೊರಗೆ ಹೋಗದಿದ್ದರೆ ಅಲ್ಲೇ ಉಜ್ಜಿ ಉಜ್ಜಿ ಬಿಸಿಯಾಗುತ್ತದೆ, ಮರ ಕಪ್ಪಾಗುತ್ತದೆ. ಹಲ್ಲು ಜಾಸ್ತಿ ಇದ್ದರೆ ಅಂಚು ನುಣುಪು, ಗುಳಿ ಚಿಕ್ಕದು. ಹಲ್ಲು ಕಡಿಮೆ ಇದ್ದರೆ ಗುಳಿ ದೊಡ್ಡದು, ಅಂಚು ಒರಟು. ಎಲ್ಲ ಚೌಕಾಸಿಯೂ ಇಷ್ಟರೊಳಗೇ ನಡೆಯಬೇಕು.

ಹಲ್ಲನ್ನು ಎಣಿಸುವುದು ಒಂದು ಇಂಚಿಗೆ ಎಷ್ಟು ಅಂತ. ಪ್ಯಾಕೆಟ್ ಮೇಲೆ ಟಿಪಿಐ ಅಂತ ಬರೆದಿರುವುದು ಇದೇ. 2ನೇ ನಂಬರಿನಲ್ಲಿ ಸಾಮಾನ್ಯವಾಗಿ 20ರ ಆಸುಪಾಸು, 5ನೇ ನಂಬರಿನಲ್ಲಿ 12ರಿಂದ 15. ಯಾವ ಕ್ಷಣದಲ್ಲೂ ಮರದ ದಪ್ಪದೊಳಗೆ ಕಡೇಪಕ್ಷ ಮೂರು ಹಲ್ಲು ಇರಬೇಕು ಅನ್ನುವುದು ರೂಢಿಯ ಲೆಕ್ಕ. 6 ಮಿಮೀ ಪ್ಲೈವುಡ್‌ನಲ್ಲಿ 20 ಟಿಪಿಐ ಬ್ಲೇಡಿನ ನಾಲ್ಕೈದು ಹಲ್ಲು ಒಳಗಿರುತ್ತವೆ. ಚೆನ್ನಾಗಿದೆ. ಅದೇ ಪ್ಲೈವುಡ್‌ಗೆ 12 ಟಿಪಿಐ ಹಾಕಿದರೆ ಮೂರೂ ಇರುವುದಿಲ್ಲ. ಬ್ಲೇಡ್ ಮೇಲೆ ಬರುವಾಗ ಹಲಗೆಯನ್ನೇ ಎತ್ತಿ ಟಪಟಪ ಬಡಿಯುತ್ತದೆ. ಇನ್ನು 20 ಮಿಮೀ ದಪ್ಪದ ಗಟ್ಟಿ ಮರ ತೆಗೆದುಕೊಳ್ಳಿ. 20 ಟಿಪಿಐ ಬ್ಲೇಡಿನ ಹದಿನೈದು ಹದಿನಾರು ಹಲ್ಲು ಒಂದೇ ಸಲ ಒಳಗೆ. ಗುಳಿಗಳೆಲ್ಲ ತುಂಬಿ ಹೋಗುತ್ತವೆ. ಹೊಗೆ ವಾಸನೆ ಬರುತ್ತದೆ. ಅಲ್ಲಿಗೆ 12ರ ಬ್ಲೇಡೇ ಸರಿ.

ಹಲ್ಲಿನ ಜೋಡಣೆಯಲ್ಲೂ ಬಗೆಗಳಿವೆ. ಸಾದಾ ಬ್ಲೇಡಿನಲ್ಲಿ ಹಲ್ಲುಗಳು ಸಾಲಾಗಿ ಒತ್ತಾಗಿ ಇರುತ್ತವೆ. ಸ್ಕಿಪ್ ಬ್ಲೇಡಿನಲ್ಲಿ ಒಂದು ಹಲ್ಲು ಬಿಟ್ಟು ಒಂದು. ಖಾಲಿ ಜಾಗದಲ್ಲಿ ಪುಡಿ ಕೂತು ಹೊರಗೆ ಹೋಗುತ್ತದೆ, ಬ್ಲೇಡ್ ತಣ್ಣಗಿರುತ್ತದೆ. ಡಬಲ್ ಸ್ಕಿಪ್‌ನಲ್ಲಿ ಎರಡು ಹಲ್ಲು, ಆಮೇಲೆ ಒಂದು ಖಾಲಿ. ಪಜಲ್ ಮಾಡುವವರಿಗೆ ಸ್ಕಿಪ್ ಬಗೆ ಸಾಕು. ಇನ್ನೊಂದು ಬಗೆ ಸ್ಪೈರಲ್ ಅಂತ ಇದೆ, ತಿರುಚಿದ ತಂತಿಯ ಹಾಗೆ. ಅದಕ್ಕೆ ಸುತ್ತಲೂ ಹಲ್ಲು. ಮರವನ್ನು ತಿರುಗಿಸದೆ ಯಾವ ಕಡೆಗೆ ಬೇಕಾದರೂ ಕೊಯ್ಯಬಹುದು. ಕೇಳಲು ಚೆನ್ನ. ಆದರೆ ಅದು ತಿನ್ನುವ ಸಂದು ದೊಡ್ಡದು, ಅಂಚು ಒರಟು, ಮರದ ನಾರು ಎಳೆದ ಕಡೆಗೆ ಜಾರುತ್ತದೆ. ಪಜಲ್‌ಗೆ ಬೇಡವೇ ಬೇಡ.

ರಿವರ್ಸ್ ಹಲ್ಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಾದಾ ಬ್ಲೇಡ್ ಕೆಳಗೆ ಹೋಗುವಾಗ ಕೊಯ್ಯುತ್ತದೆ. ಹಾಗಾಗಿ ಮೇಲ್ಮೈ ಚೊಕ್ಕಟವಾಗಿರುತ್ತದೆ, ಕೆಳಗಿನ ಮುಖದಲ್ಲಿ ನಾರು ಕಿತ್ತು ಗಡ್ಡದ ಹಾಗೆ ಜೋತಾಡುತ್ತದೆ. ರಿವರ್ಸ್ ಬ್ಲೇಡಿನಲ್ಲಿ ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖ ಆಗಿರುತ್ತವೆ. ಬ್ಲೇಡ್ ಮೇಲೆ ಬಂದಾಗ ಅವು ಕೆಳಗಿನ ನಾರನ್ನು ಕತ್ತರಿಸಿ ಸ್ವಚ್ಛ ಮಾಡುತ್ತವೆ. ಎರಡೂ ಮುಖ ಚೊಕ್ಕಟ. ಆದರೆ ಇದು ಕೆಲಸ ಮಾಡಬೇಕಾದರೆ ಬ್ಲೇಡನ್ನು ಸರಿಯಾದ ಎತ್ತರಕ್ಕೆ ಬಿಗಿಯಬೇಕು. ತೋಳನ್ನು ಕೈಯಲ್ಲಿ ಪೂರ್ತಿ ಮೇಲಕ್ಕೆತ್ತಿ ನೋಡಿ. ಮೇಲ್ಮುಖದ ಹಲ್ಲುಗಳಲ್ಲಿ ಎರಡೋ ಮೂರೋ ಮಾತ್ರ ಮೇಜಿನ ಮೇಲೆ ಕಾಣಬೇಕು. ಒಂದೂ ಕಾಣದಿದ್ದರೆ ಅವು ಮರವನ್ನು ಮುಟ್ಟುವುದೇ ಇಲ್ಲ. ಜಾಸ್ತಿ ಕಂಡರೆ ತೆಳುವಾದ ಪ್ಲೈವುಡ್‌ನಲ್ಲಿ ಅವು ಮೇಲ್ಮೈವರೆಗೂ ಬಂದು, ಅಂಟಿಸಿದ ಚಿತ್ರದ ಕಾಗದವನ್ನೇ ಎಬ್ಬಿಸಿಬಿಡುತ್ತವೆ. ಚಿತ್ರ ಹಾಳಾದರೆ ಸರಿಮಾಡಲು ದಾರಿ ಇಲ್ಲ. ಕೆಳಗಿನ ಗಡ್ಡವಾದರೆ ಉಪ್ಪುಕಾಗದದಲ್ಲಿ ಎರಡು ಸಲ ಉಜ್ಜಿದರೆ ಹೋಗುತ್ತದೆ. ಹಾಗಾಗಿ ಚಿತ್ರದ ಪಜಲ್‌ಗೆ ನಾನು ರಿವರ್ಸ್ ಇಲ್ಲದ ಸಣ್ಣ ಬ್ಲೇಡನ್ನೇ ಇಷ್ಟಪಡುತ್ತೇನೆ. ಎರಡೂ ಮುಖ ಕಾಣುವ, ಕೈಯಲ್ಲಿ ಹಿಡಿಯುವ ದಪ್ಪ ಆಟಿಕೆಗೆ ರಿವರ್ಸ್ ಹಾಕುತ್ತೇನೆ.

ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಲ್ಲೂ ಐದಿಂಚಿನ ಸಪಾಟು ತುದಿಯ ಬ್ಲೇಡ್ ಸಿಗುತ್ತದೆ. ಕೂದಲಿನಂತೆ ತೆಳ್ಳಗಿರುತ್ತದೆ, ಯಂತ್ರಕ್ಕೆ ಹೊಂದುತ್ತದೆ, ನಂಬರೂ 2/0, 3/0 ಅಂತಲೇ ಇರುತ್ತದೆ. ಇದನ್ನೇ ಹಾಕಬಹುದಲ್ವಾ ಅನ್ನಿಸುತ್ತದೆ. ಅದು ಬೆಳ್ಳಿ, ಹಿತ್ತಾಳೆ ಕೊಯ್ಯಲು ಮಾಡಿದ್ದು. ಹಲ್ಲು ತೀರಾ ಒತ್ತು, ಗುಳಿ ತೀರಾ ಚಿಕ್ಕದು. ಮರದ ಪುಡಿ ಅದರಲ್ಲಿ ಕೂಡಲೇ ಕಟ್ಟಿಕೊಳ್ಳುತ್ತದೆ. ಒಂದು ಇಂಚು ಹೋಗುವಷ್ಟರಲ್ಲಿ ಕೊಯ್ಯುವುದು ನಿಂತು ಉಜ್ಜುವುದು ಶುರುವಾಗುತ್ತದೆ. ಮರಕ್ಕೆ ಮರದ ಬ್ಲೇಡೇ ಆಗಬೇಕು.

ತೆಳು ಪಜಲ್, ದಪ್ಪ ಪಜಲ್

ಈಗ ನಕ್ಷೆಗೆ ಬರೋಣ. 45 ಸೆಂಮೀ ಎತ್ತರದ ಕರ್ನಾಟಕ ಮಾಡಿದರೆ ಬೆಳಗಾವಿ ಜಿಲ್ಲೆಯ ತುಂಡು ಸುಮಾರು 7 ಸೆಂಮೀ ಚೌಕದಷ್ಟು ದೊಡ್ಡದು. ಬೆಂಗಳೂರು ನಗರ ಜಿಲ್ಲೆಯದು ಮೂರು ಸೆಂಮೀ ಚೌಕವೂ ಇಲ್ಲ. (ಇಷ್ಟು ಚಿಕ್ಕ ತುಂಡು ಇರುವ ಪಜಲ್ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬೇಡ. ಬಾಯಿಗೆ ಹಾಕಿಕೊಂಡರೆ ಅಪಾಯ.) ತುಂಡು ಚಿಕ್ಕದಾದಷ್ಟೂ ಸಂದು ದೊಡ್ಡದಾಗಿ ಕಾಣುತ್ತದೆ. ಕರಾವಳಿಯ ಅಂಚು ಬಿಟ್ಟರೆ ಉಳಿದ ಗಡಿಗಳೆಲ್ಲ ಸಣ್ಣ ಸಣ್ಣ ಬಳುಕು. ಇಲ್ಲಿಗೆ 2/0 ಅಥವಾ 1ನೇ ನಂಬರಿನ ಸ್ಕಿಪ್ ಬ್ಲೇಡ್ ಬೇಕು. 'ಪಜಲ್ ಬ್ಲೇಡ್' ಅಂತಲೇ ಹೆಸರಿಟ್ಟು ಮಾರುವುದು ಇಷ್ಟು ಗಾತ್ರದ, ಇಂಚಿಗೆ 22ರ ಹತ್ತಿರ ಹಲ್ಲಿರುವ ಬ್ಲೇಡನ್ನೇ. ಚಿತ್ರ ಅಂಟಿಸಿ ನೂರಾರು ಗುಬುಟಿನ ತುಂಡು ಮಾಡುವವರಿಗೂ ಇದೇ ಮಾತು.

ಚೌಕಟ್ಟು ಬೇಕಾದರೆ ಹಲಗೆಯ ನಡುವೆ ತೂತು ಕೊರೆದು, ಬ್ಲೇಡನ್ನು ಅದರೊಳಗೆ ಪೋಣಿಸಿ ಕೊಯ್ತ ಶುರುಮಾಡಬೇಕು. 2/0 ಬ್ಲೇಡಿಗೆ 1 ಮಿಮೀ ತೂತು ಸಾಕು. ಅದನ್ನು ಗಡಿ ಮೂಲೆಯಲ್ಲಿ ಕೊರೆದರೆ ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪಿನ್ ಬ್ಲೇಡಿಗಾದರೆ ಆ ಅಡ್ಡ ಕಡ್ಡಿ ನುಗ್ಗುವಷ್ಟು ದೊಡ್ಡ ತೂತು ಬೇಕು. ಅದು ಕೊನೆವರೆಗೂ ಗಾಯದ ಹಾಗೆ ಕಾಣುತ್ತದೆ.

ಪ್ಲೈವುಡ್ ಬಗ್ಗೆಯೂ ಒಂದು ಮಾತು. 6 ಮಿಮೀ ದಪ್ಪದಲ್ಲಿ ಐದು ಪದರ ಇರುವ ಬರ್ಚ್ ಪ್ಲೈ ಇದಕ್ಕೆ ಚೆನ್ನ. ಅಗ್ಗದ ಪ್ಲೈವುಡ್‌ನ ಒಳಪದರದಲ್ಲಿ ಅಲ್ಲಲ್ಲಿ ಖಾಲಿ ಜಾಗ ಇರುತ್ತದೆ. ಹೊರಗಿಂದ ಗೊತ್ತಾಗುವುದಿಲ್ಲ. ಗುಬುಟಿನ ಕತ್ತು ಸರಿಯಾಗಿ ಅಲ್ಲಿಗೇ ಬಂದರೆ, ನಾಲ್ಕನೇ ಸಲ ಜೋಡಿಸುವಾಗ ಮುರಿಯುತ್ತದೆ. ಬ್ಲೇಡ್ ಎಷ್ಟು ಒಳ್ಳೆಯದಾದರೂ ಅದನ್ನು ತಡೆಯಲು ಆಗದು.

ಇನ್ನೊಂದು ತರದ ಪಜಲ್ ಇದೆ. 20 ಮಿಮೀ ದಪ್ಪದ ಗಟ್ಟಿ ಮರದಲ್ಲಿ ಆನೆಯ ಆಕಾರ ಕೊಯ್ದು, ಅದನ್ನು ಐದಾರು ತುಂಡು ಮಾಡುವುದು. ಜೋಡಿಸಿದರೆ ಆನೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಸಣ್ಣ ಮಕ್ಕಳಿಗೆ ಮಾಡುವುದು ಹೆಚ್ಚಾಗಿ ಇದನ್ನೇ. ಇಲ್ಲಿ ತೆಳ್ಳನೆಯ ಬ್ಲೇಡ್ ಹಾಕಿದರೆ ಪಜಲ್ ಹಾಳಾಗುತ್ತದೆ. ನಕ್ಷೆಯಲ್ಲಿ ಪಾಠ ಕಲಿತ ಮೇಲೆ ಆನೆಗೂ 2/0 ಹಾಕಿದೆ. ಬ್ಲೇಡ್ ಮರದ ನಡುವೆ ಬಿಲ್ಲಿನ ಹಾಗೆ ಬಾಗಿತು. ಮೇಲಿನ ಗೆರೆ ಸರಿಯಾಗಿತ್ತು, ಕೆಳಗೆ ಬೇರೆಯೇ ಗೆರೆ. ತುಂಡುಗಳು ಒಂದಕ್ಕೊಂದು ಕಚ್ಚಿಕೊಂಡು, ಸುತ್ತಿಗೆ ತೆಗೆದುಕೊಳ್ಳದೆ ಬಿಡಿಸಲು ಆಗಲಿಲ್ಲ.

ಇದರ ಹಿಂದೆಯೂ ಲೆಕ್ಕ ಇದೆ. ಯಂತ್ರದ ಮೇಜು ಬ್ಲೇಡಿಗೆ ಒಂದೇ ಒಂದು ಡಿಗ್ರಿ ಓರೆ ಇದೆ ಅಂದುಕೊಳ್ಳಿ. 6 ಮಿಮೀ ಹಲಗೆಯಲ್ಲಿ ಅದರಿಂದ ಆಗುವ ಓರೆ 0.1 ಮಿಮೀ. ಸಂದು ಅದನ್ನು ನುಂಗಿಕೊಳ್ಳುತ್ತದೆ. 20 ಮಿಮೀ ಮರದಲ್ಲಿ ಅದೇ ಓರೆ 0.35 ಮಿಮೀ ಆಗುತ್ತದೆ. 2/0 ಬ್ಲೇಡಿನ ಸಂದಿಗಿಂತ ಅದೇ ಜಾಸ್ತಿ. ಆಗ ತುಂಡು ಒಂದು ಕಡೆಯಿಂದ ಮಾತ್ರ ಹೊರಗೆ ಬರುತ್ತದೆ, ಇನ್ನೊಂದು ಕಡೆಯಿಂದ ಬಾಟಲಿಯ ಬಿರಡೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಮಗುವಿನ ಕೈಗೆ ಅದು ಕಷ್ಟ. ಹಾಗಾಗಿ ದಪ್ಪ ಪಜಲ್‌ಗೆ 5 ಅಥವಾ 7ನೇ ನಂಬರ್. ಅದು ನೇರ ನಿಲ್ಲುತ್ತದೆ, ಪುಡಿ ಹೊರಹಾಕುತ್ತದೆ, ತುಂಡು ಸಲೀಸಾಗಿ ಜಾರುವಷ್ಟು ಸಂದನ್ನೂ ಬಿಡುತ್ತದೆ. ನಕ್ಷೆಯಲ್ಲಿ ದೋಷ ಆಗಿದ್ದ ಸಂದು ಇಲ್ಲಿ ಬೇಕಾದದ್ದು.

ಬಣ್ಣ ಬಳಿಯುವ ಯೋಚನೆ ಇದ್ದರೆ ಒಂದು ನಂಬರ್ ಮೇಲಕ್ಕೆ ಹೋಗಿ. ಬಣ್ಣ ಎರಡೂ ಗೋಡೆಯ ಮೇಲೆ ಕೂರುತ್ತದೆ, ಸಂದು ಅಷ್ಟು ಕಿರಿದಾಗುತ್ತದೆ. ಮಳೆಗಾಲವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಸಲೀಸಾಗಿ ಜಾರುತ್ತಿದ್ದ ಗಟ್ಟಿ ಮರದ ತುಂಡು, ಜುಲೈನಲ್ಲಿ ಮಲೆನಾಡಿನ ಮನೆಯೊಳಗೆ ಉಬ್ಬಿ ಬಿಗಿಯುತ್ತದೆ. ಪ್ಲೈವುಡ್ ಪದರ ಪದರವಾಗಿ ಅಡ್ಡಡ್ಡ ಅಂಟಿಸಿದ್ದು, ಅಷ್ಟು ಉಬ್ಬುವುದಿಲ್ಲ.

ಮರದ ಜಾತಿಯೂ ಬ್ಲೇಡಿನ ಆಯುಷ್ಯಕ್ಕೆ ಸಂಬಂಧಪಟ್ಟದ್ದು. ತೇಗದಲ್ಲಿ ಮರಳಿನಂಥ ಸಿಲಿಕಾ ಕಣಗಳಿರುತ್ತವೆ. ಕೊಯ್ಯಲು ಮೃದು ಅನ್ನಿಸಿದರೂ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಒತ್ತಾದ ನಾರಿನದು, ಮೃದು, ಬ್ಲೇಡಿಗೆ ಹಿತ. ಸಿಕ್ಕರೆ ಬಿಡಬೇಡಿ. ಸುಡುವ ಜಾತಿಯ ಗಟ್ಟಿ ಮರವಾದರೆ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ, ಟೇಪಿನ ಸಮೇತ ಕೊಯ್ಯಿರಿ. ಅಂಚು ಕಪ್ಪಾಗುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ.

ಬ್ಲೇಡ್ ಸರಿಯಿದ್ದೂ ಕೊಯ್ತ ತಪ್ಪಿದರೆ

ಬ್ಲೇಡನ್ನು ಬಿಗಿಯಾಗಿ ಕಟ್ಟಿ. ಬಿಗಿದ ಮೇಲೆ ತಂತಿ ಮೀಟಿದ ಹಾಗೆ ಬೆರಳಲ್ಲಿ ಮೀಟಿ. ಟಿಣ್ ಅಂತ ಎತ್ತರದ, ಸ್ಪಷ್ಟವಾದ ಸ್ವರ ಬರಬೇಕು. ಬರೀ ಡಬ್ ಅಂದರೆ ಸಡಿಲ ಇದೆ. ಸಡಿಲ ಬ್ಲೇಡ್ ಬಾಗುತ್ತದೆ, ಅಲೆಯುತ್ತದೆ, ಬೇಗ ಮುರಿಯುತ್ತದೆ. ಹೊಸಬರು ಬ್ಲೇಡ್ ಮುರಿಯುತ್ತದೆ ಅಂತ ಹೆದರಿ ಸಡಿಲ ಇಡುತ್ತಾರೆ. ಸರಿಯಾಗಿ ಬಿಗಿದ ಬ್ಲೇಡೇ ಜಾಸ್ತಿ ಹೊತ್ತು ಬಾಳುವುದು.

ಮೇಜು ನೇರ ಇದೆಯೋ ಇಲ್ಲವೋ ನೋಡಲು ಮೂಲೆಮಟ್ಟ ಇಟ್ಟು ನೋಡಬಹುದು. ಅದಕ್ಕಿಂತ ನಂಬಬಹುದಾದ ಪರೀಕ್ಷೆ ಬೇರೆ ಇದೆ. ದಪ್ಪನೆಯ ಮರದ ಚೂರಿನ ಅಂಚಿನಲ್ಲಿ ಸ್ವಲ್ಪ ಕೊಯ್ದು ಬ್ಲೇಡನ್ನು ಹೊರಗೆ ತನ್ನಿ. ಮರವನ್ನು ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ, ಅದೇ ಸೀಳನ್ನು ಬ್ಲೇಡಿನ ಹಿಂದಿನಿಂದ ತಂದು ಬೆನ್ನಿಗೆ ಹೊಂದಿಸಿ. ಸಲೀಸಾಗಿ ಒಳಗೆ ಹೋದರೆ ನೇರ ಇದೆ. ತಡೆದರೆ ಮೇಜು ಓರೆ. ಈ ಪರೀಕ್ಷೆ ಓರೆಯನ್ನು ಎರಡರಷ್ಟು ಮಾಡಿ ತೋರಿಸುವುದರಿಂದ ಸಣ್ಣ ತಪ್ಪೂ ಗೊತ್ತಾಗುತ್ತದೆ.

ಮತ್ತೆ, ಬ್ಲೇಡ್ ಗೆರೆಯ ಮೇಲೆ ನೇರ ಹೋಗದೆ ಒಂದೇ ಕಡೆಗೆ ಎಳೆದರೆ ಗಾಬರಿ ಬೇಡ. ಉಕ್ಕಿನ ತಂತಿಯಲ್ಲಿ ಹಲ್ಲು ಕಡಿಯುವಾಗ ಒಂದು ಕೆನ್ನೆಯಲ್ಲಿ ಸಣ್ಣ ಮುಳ್ಳು ಉಳಿದಿರುತ್ತದೆ. ಆ ಕಡೆ ಜಾಸ್ತಿ ಕೊಯ್ಯುತ್ತದೆ. ಬಹುತೇಕ ಬ್ಲೇಡ್‌ಗಳು ಬಲಕ್ಕೆ ಎಳೆಯುತ್ತವೆ. ಮರವನ್ನು ಮೂರು ನಾಲ್ಕು ಡಿಗ್ರಿ ಓರೆ ಹಿಡಿದು ತಳ್ಳಿದರೆ ಗೆರೆಯ ಮೇಲೆ ಬರುತ್ತದೆ. ಒಂದು ವಾರದಲ್ಲಿ ಕೈಗೆ ಅಭ್ಯಾಸವಾಗುತ್ತದೆ. ಹಲ್ಲನ್ನು ಸಾಣೆ ಹಿಡಿದು ಮಾಡಿದ ಬ್ಲೇಡ್‌ಗಳಲ್ಲಿ ಈ ಎಳೆತ ಕಡಿಮೆ. ಅವಕ್ಕೆ ಬೆಲೆ ಜಾಸ್ತಿ, ಕೊಯ್ತವೂ ಚುರುಕು. ಸಣ್ಣ ತಿರುವಿನಲ್ಲಿ ಕೈ ಹಿಡಿತ ಸಿಗುವ ಮೊದಲೇ ಮುಂದೆ ಹೋಗಿಬಿಡುತ್ತವೆ. ಕಲಿಯುವವರು ಆಮೇಲೆ ಅದಕ್ಕೆ ಹೋಗಬಹುದು.

ಇನ್ನು ಬ್ಲೇಡ್ ಬದಲಿಸುವ ಮಾತು. ಇವು ಡಜನ್ ಲೆಕ್ಕದಲ್ಲಿ ಬರುವುದೇ ಅದಕ್ಕೆ. ಪ್ಲೈವುಡ್‌ನ ಅಂಟು ಹಲ್ಲನ್ನು ಬೇಗ ತಿನ್ನುತ್ತದೆ. ಅರ್ಧ ಗಂಟೆ ಬಿಡುವಿಲ್ಲದೆ ಕೊಯ್ದ ಬ್ಲೇಡ್ ಸೇವೆ ಮುಗಿಸಿದೆ ಅಂತಲೇ ತಿಳಿಯಿರಿ. ಅದು ಮುರಿಯುವವರೆಗೆ ಕಾಯಬೇಡಿ. ಮರವನ್ನು ಮುಂದೆ ಬಿಡುತ್ತಿದ್ದ ಕೈ ತಳ್ಳಲು ಶುರುಮಾಡಿತು ಅಂದರೆ ಬ್ಲೇಡ್ ಮೊಂಡಾಗಿದೆ. ತಳ್ಳಿದರೆ ಬ್ಲೇಡ್ ಬಾಗುತ್ತದೆ, ಬಾಗಿದರೆ ಗೋಡೆ ಹೊಟ್ಟೆ ಬಂದ ಹಾಗೆ ಉಬ್ಬುತ್ತದೆ. ನಕ್ಷೆಯ ಕೆಲಸದಲ್ಲಿ ನಾನು ನಾಲ್ಕೈದು ಜಿಲ್ಲೆಗೊಂದು ಬ್ಲೇಡ್ ಬದಲಿಸುತ್ತೇನೆ. ಖರ್ಚು ಅನ್ನಿಸಬಹುದು. ಹಾಳಾದ ಹಲಗೆ, ಅಂಟಿಸಿದ ನಕ್ಷೆ, ಎರಡು ದಿನದ ಕೆಲಸದ ಮುಂದೆ ಅದು ಏನೂ ಅಲ್ಲ.

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಸುಮ್ನೆ ಹತ್ತು ನಮೂನೆ ತರಿಸಬೇಡಿ. 2/0 ಸ್ಕಿಪ್ ಒಂದು ಡಜನ್, 3ನೇ ನಂಬರ್ ಸ್ಕಿಪ್ ಒಂದು ಡಜನ್, 5ನೇ ನಂಬರ್ ರಿವರ್ಸ್ ಒಂದು ಡಜನ್ ತನ್ನಿ. 2/0 ಹೊಸ ಕೈಯಲ್ಲಿ ಪಟಪಟ ಮುರಿಯುತ್ತದೆ. ಹಾಗಾಗಿ ಮೊದಲ ಕೆಲವು ದಿನ 3ನೇ ನಂಬರಿನಲ್ಲಿ ತಿರುವು ಅಭ್ಯಾಸ ಮಾಡಿ. ಮರವನ್ನು ಬೆರಳುಗಳಿಂದ ಒತ್ತಿ ಹಿಡಿಯಿರಿ, ಬ್ಲೇಡಿನ ನೇರಕ್ಕೆ ಬೆರಳು ಇಡಬೇಡಿ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ.

ಮತ್ತೆ ಯಾವುದೇ ಹೊಸ ಮರ ಬಂದಾಗ ನಕ್ಷೆ ಅಂಟಿಸುವ ಮೊದಲು ಅದರ ಚೂರೊಂದರಲ್ಲಿ ಮೂರೂ ಬ್ಲೇಡಿನಿಂದ ಒಂದೊಂದು ಬಳುಕು ಗೆರೆ ಮತ್ತು ಒಂದೊಂದು ಗುಬುಟು ಕೊಯ್ದು ನೋಡಿ. ಎರಡು ತುಂಡನ್ನು ಸೇರಿಸಿ ಒಂದನ್ನು ಮಾತ್ರ ಹಿಡಿದು ಎತ್ತಿ. ಇನ್ನೊಂದು ಜೊತೆಗೆ ಬರಬೇಕು, ಒಂದು ಬೆರಳಿನಿಂದ ತಳ್ಳಿದರೆ ಬಿಡಬೇಕು. ನನ್ನ ಕೆಲಸದ ಮೇಜಿನ ಮೇಲಿನ ಮೊಳೆಗೆ ಇಂಥ ಚೂರುಗಳ ಒಂದು ಸರವೇ ನೇತಾಡುತ್ತಿದೆ. ಒಂದೊಂದರ ಮೇಲೂ ಮರದ ಹೆಸರು, ದಪ್ಪ, ಬ್ಲೇಡಿನ ನಂಬರ್ ಪೆನ್ಸಿಲ್‌ನಲ್ಲಿ ಬರೆದಿದೆ. ಎರಡನೇ ನಕ್ಷೆ ಕೊಯ್ಯುವ ಮೊದಲು ಅಕ್ಕನ ಮಗಳೇ ಅವನ್ನೆಲ್ಲ ಎಳೆದು, ತಳ್ಳಿ, ಅಲ್ಲಾಡಿಸಿ ನೋಡಿ 2/0 ಎಂದು ಬರೆದ ಚೂರನ್ನು ನನ್ನ ಕೈಗಿಟ್ಟಳು.